ಚೆಂಡುಹೂವಿನ ಲಿಪ್ ಬಾಮ್

ಹೋದ ವಾರ ನನ್ನ ತುಟಿ ಊದಿ ಬೋಂಡಾ ಆಗಿತ್ತು. ಕಾಫಿ ಲೋಟ ತಾಕಿದರೂ ಉರಿ. ಕಾರಣ? ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್ ಲಿಪ್ ಬಾಮ್.

ಮಾಡಿದ್ದು ನನ್ನ ಅಕ್ಕ. ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ ಅವಳ ಗಂಡ, ಅಂದರೆ ನಮ್ಮ ಭಾವ, ಚೆಂಡುಹೂ ಬೆಳೆಯುತ್ತಾರೆ. ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲದ ದಿನ ಹೂವೆಲ್ಲ ತಿಪ್ಪೆಗೆ. ಅದನ್ನು ನೋಡಲಾರದೆ ಅಕ್ಕ ಯೂಟ್ಯೂಬ್ ನೋಡಿ ಕಲಿತಳು. ಎಸಳು ಬಿಡಿಸಿ ನೆರಳಲ್ಲಿ ಒಣಗಿಸುವುದು, ಹರಳೆಣ್ಣೆಯಲ್ಲಿ ನೆನೆಹಾಕಿ ಬಾಟಲಿಯನ್ನು ಬಿಸಿಲಿಗಿಡುವುದು. ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಮೇಲೆ ಸೋಸಿ, ಜೇನುಮೇಣ ಕರಗಿಸಿ ಬೆರೆಸಿದರೆ ಬಾಮ್ ರೆಡಿ. (ಮದುವೆಯಾದ ಮೇಲೆ ಅವಳು "ಇದು ನಂದು" ಅಂದಿದ್ದು ಇದೊಂದನ್ನೇ.) ಕಾಲೇಜು ಹುಡುಗಿಯರಿಗೆ ಮಾರಬೇಕೆಂದು ಪುಟ್ಟ ಡಬ್ಬಿಗಳನ್ನೂ ತರಿಸಿದ್ದಳು. ಮೊದಲ ಡಬ್ಬಿ ನನಗೆ ಕೊಟ್ಟಳು.

ಸ್ಕಿನ್ ಡಾಕ್ಟರ್ ಎಲ್ಲ ಕೇಳಿಸಿಕೊಂಡು, "ಆ ಹೂವಿಗೆ ಔಷಧಿ ಹೊಡೀತಾರಾ? ಬಣ್ಣದ ಜತೆ ಅದನ್ನೂ ಎಣ್ಣೆ ಎಳ್ಕೊಂಡಿರತ್ತೆ" ಅಂದರು. ಸೀದಾ ಅಕ್ಕನ ಮನೆಗೆ ಹೋದೆ.

"ಔಷಧಿ ಹೊಡೀದೆ ಹೂವು ಬರತ್ತೇನಮ್ಮ?" ಅಂದರು ಭಾವ. "ಟೊಮೆಟೊ ಆದ್ರೆ ಹೊಡೆದು, ಒಂದಷ್ಟು ದಿನ ಬಿಟ್ಟು ಕೀಳ್ತೀವಿ. ಇದು ದೇವರಿಗೆ ಹಾಕೋದು, ಯಾರ್ ತಿಂತಾರೆ? ಸಂಜೆ ಹೊಡೆದ್ರೆ ಬೆಳಿಗ್ಗೆ ಕೀಳೋದೇ."

ನಮ್ಮ ಕಡೆ ಬಹಳ ಮಂದಿ ಹೀಗೇ. ತಿನ್ನುವ ಬೆಳೆಗೊಂದು ನ್ಯಾಯ, ಮುಡಿಯುವ ಬೆಳೆಗೊಂದು ನ್ಯಾಯ. ಎಣ್ಣೆಗೆ ಪಾಪ ಈ ಭೇದ ಏನು ಗೊತ್ತು?

"ಒಂದೇ ಒಂದು ಸಾಲು ಔಷಧಿ ಹೊಡೀದೆ ಬಿಟ್ಕೊಡಿ ಭಾವ" ಅಂದೆ.

"ಆ ಸಾಲಿನ ಹುಳ ಪಕ್ಕದ ಸಾಲಿಗೆ ಬರಲ್ವಾ?"

ಅಕ್ಕ ಎದ್ದು ಹೋಗಿ ಬಾಟಲಿಗಳನ್ನೆಲ್ಲ ತಂದು ತಿಪ್ಪೆಗೆ ಸುರಿದಳು. "ಬಿಡೇ, ಯಾರದೋ ಮನೆ ಹುಡುಗಿ ತುಟಿ ಸುಟ್ಟು ಪಾಪ ಕಟ್ಕೊಳ್ಳೋದು ಬೇಡ" ಅಂದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ನೋಡಿದರೆ ಅಕ್ಕ ಹೊಲದಲ್ಲಿ, ಹಿಂದಿನ ಸಂಜೆ ಔಷಧಿ ಹೊಡೆದ ಹೂವನ್ನು ಬರಿಗೈಯಲ್ಲಿ ಕೀಳುತ್ತಿದ್ದಳು.

"ಗ್ಲೌಸ್ ಹಾಕ್ಕೋ ಅಕ್ಕ."

"ಹೂವು ಕೀಳಕ್ಕೆ ಯಾರಾದ್ರೂ ಗ್ಲೌಸ್ ಹಾಕ್ತಾರೇನೇ?" ನಕ್ಕಳು.

ಕೈ ಹಿಡಿದು ತಿರುಗಿಸಿ ನೋಡಿದೆ. ಬೆರಳ ತುದಿಯೆಲ್ಲ ಸಿಪ್ಪೆ ಎದ್ದು, ಒಡೆದು, ಕಪ್ಪಾಗಿತ್ತು. "ಅದು ಮೊದ್ಲಿಂದ ಹಂಗೇ ಕಣೇ" ಅಂದಳು.

ನನ್ನ ತುಟಿ ಊದಿದ್ದಕ್ಕೆ ಒಂದು ಉದ್ಯಮವನ್ನೇ ಮುಚ್ಚಿಸಿದೆವಲ್ಲ, ಅವಳ ಕೈಗಾಗಿ ಏನನ್ನು ಮುಚ್ಚಿಸುತ್ತೇವೆ?