ಬೀಳದ ಕನಸು

ನಮ್ಮ ಲೇಡಿ ಡಾಕ್ಟರನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಅವರ ಹಣೆಯಲ್ಲಿ ಮಂಗಳವಾರ, ಶುಕ್ರವಾರ ತಪ್ಪದೆ ಎಲ್ಲವ್ವ ದೇವಿಯ ಭಂಡಾರದ ಅರಿಶಿನ. ಬೆವರಿಗೆ ಇಳಿದು ಕನ್ನಡಕಕ್ಕೂ ಹಳದಿ ಹತ್ತುತ್ತಿತ್ತು. ಹಾರೂಗೇರಿಯ ಅವರ ಎರಡು ಕೋಣೆಯ ದವಾಖಾನೆಯಲ್ಲಿ ನಾನಾಗ ಹೊಸ ಡಾಕ್ಟರ್. ಇಷ್ಟು ಓದಿದವರಿಗೆ ಇದೇನು ಹುಚ್ಚು ಎಂದು ಒಳಗೊಳಗೇ ನಗುತ್ತಿದ್ದೆ. ನನ್ನ ಸೊಕ್ಕಿಗೆ ಬೆಂಕಿ ಬೀಳಲಿ!

ಒಂದು ದಿನ ಮುಗಳಖೋಡದ ಕಡೆಯ ತಾಯಿಯೊಬ್ಬಳು ಹತ್ತು ವರ್ಷದ ಮಗಳನ್ನು ಕರೆತಂದಳು. ಕೆಂಡದಂಥ ಜ್ವರ. ಹುಡುಗಿಯ ಕೂದಲು ಗಂಟುಕಟ್ಟಿ ಹಗ್ಗದಂತೆ ಜೋತಿತ್ತು. ಅದು ಜಡೆ, ಇವಳು ತನ್ನವಳೆಂದು ದೇವಿ ಹಾಕಿದ ಗುರುತು ಎಂದುಕೊಂಡು ಮನೆಯವರು ತಿಂಗಳುಗಟ್ಟಲೆ ಬಾಚಿರಲಿಲ್ಲ, ತೊಳೆದಿರಲಿಲ್ಲ. ಮೇಲೆ ಭಂಡಾರ ಮೆತ್ತಿದ್ದರು. ಒಳಗೆ ನೆತ್ತಿ ಕೊಳೆತು ನಾರುತ್ತಿತ್ತು. ಮಗುವನ್ನು ಹೀಗೆ ಕೊಳೆಸಿ ಕೈಮುಗಿಯುವುದೇ? ನನಗೆ ಮೈಯೆಲ್ಲ ಉರಿದುಹೋಯಿತು.

“ಜ್ವರಕ್ಕ ಸೂಜಿ ಮಾಡ್ರಿ ಬಾಯಾರ, ತಲಿಗಿ ಮಾತ್ರ ಕತ್ತರಿ ಹಚ್ಚಬ್ಯಾಡ್ರಿ,” ಎಂದು ತಾಯಿ ಕಾಲು ಹಿಡಿದಳು.

ನಾನು ಬಾಯಾರನ್ನು ಪಕ್ಕಕ್ಕೆ ಕರೆದು, “ದೇವಿ ಕನಸಿನ್ಯಾಗ ಬಂದು ಕತ್ತರಸು ಅಂದ್ಲು ಅಂತ ಹೇಳಿಬಿಡ್ರಿ. ನಿಮ್ಮ ಹಣಿ ನೋಡಿ ನಂಬತಾಳ,” ಎಂದೆ.

ಅವರ ಮುಖ ಕೆಂಪಾಯಿತು. “ಬೀಳದ ಕನಸ ಹೇಳಂತಿಯೇನೋ? ಇವತ್ತು ನನ್ನ ಕನಸ ನಂಬಿ ಕೂದಲ ಕೊಡತಾಳ. ನಾಳೆ ಇನ್ನೊಬ್ಬ ಬಂದು, ಮಗಳನ್ನ ದೇವದಾಸಿ ಮಾಡು ಅಂತ ದೇವಿ ಕನಸಿನ್ಯಾಗ ಹೇಳ್ಯಾಳ ಅಂದ್ರ? ಅವಂಗ ದಾರಿ ಮಾಡಿಕೊಟ್ಟಾಕಿ ನಾನ ಆಗತೇನಿ. ನನ್ನ ದೇವಿನ್ನ ಸುಳ್ಳಿಗಿ ದುಡಸಬ್ಯಾಡ.”

ಆಮೇಲೆ ತಾಯಿಯನ್ನು ಹತ್ತಿರ ಕರೆದು ಜಡೆ ಎತ್ತಿ ತೋರಿಸಿದರು. “ಇದು ದೇವಿ ಗುರುತಲ್ಲವ್ವಾ. ಬಾಚಲಿಲ್ಲಂದ್ರ ಯಾರ ಕೂದಲಾದ್ರೂ ಹಿಂಗ ಆಗತೈತಿ. ನೋಡಿಲ್ಲಿ, ಹುಳ ಬಿದ್ದಾವ. ನಂಜು ಮೈಗೆಲ್ಲ ಏರಾಕತ್ತೈತಿ. ಕೂಸು ಉಳೀಬೇಕಂದ್ರ ಕತ್ತರಸಬೇಕು.”

“ದೇವಿ ಮುನದ್ರ?”

“ನಾನೂ ಆಕಿ ಮಗಳ ಅದೀನಿ. ಕೂಸಿನ ನೆತ್ತಿ ಕೊಳಸೋ ದೇವಿ ನನಗ ಗೊತ್ತಿಲ್ಲ.”

ತಾಯಿ ಗೋಡೆಗೆ ಆತುಕೊಂಡು ಅತ್ತಳು. ಬಾಯಾರು ಹುಡುಗಿಗೆ ಸಲಾಯಿನ್ ಹಚ್ಚಿ, ತಾಯಿಯ ಬದಿಗೇ ನೆಲದ ಮೇಲೆ ಕೂತರು. ಹೊರಗೆ ಪಾಳಿ ಹಚ್ಚಿದವರು ಗೊಣಗಿದರೂ ಏಳಲಿಲ್ಲ. ಕೊನೆಗೆ ತಾಯಿ ತಾನೇ ಕತ್ತರಿ ಕೇಳಿ, ತನ್ನ ಕೈಯಾರೆ ಜಡೆ ಕತ್ತರಿಸಿದಳು. ಹುಡುಗಿ ಉಳಿದಳು.

ಹೋದ ವರ್ಷ ಬಾಯಾರು ತೀರಿಕೊಂಡರು. ಎಪ್ಪತ್ತು ದಾಟಿದ ಜೀವ, ಹೃದಯ ನಿಂತಿತು, ಅಷ್ಟೇ. ಅವರ ಅಂಗಳದಲ್ಲೇ ನಿಂತು, ಅವರ ಕೈಯಲ್ಲೇ ಹುಟ್ಟಿದ ಮೀಸೆಯವನೊಬ್ಬ, “ಜಡಿ ಕತ್ತರಿಸಿದ್ರಲ್ಲ, ದೇವಿ ಬಿಡಲಿಲ್ಲ,” ಎಂದ. ಥೂ! ಹೆಣದ ಮುಂದೆ ಜಗಳವೇಕೆ ಎಂದು ನಾನು, ಅವರ ಕೈಕೆಳಗೆ ಡಾಕ್ಟರ್ ಆದವನು, ಬಾಯಿ ಮುಚ್ಚಿಕೊಂಡು ನಿಂತೆ.

ಹೆಂಗಸರ ನಡುವಿನಿಂದ ಆ ಹುಡುಗಿಯ ತಾಯಿ ಎದ್ದಳು.

“ಆ ಜಡಿ ಕತ್ತರಿಸಿದಾಕಿ ನಾನು. ದೇವಿ ಸಿಟ್ಟಾಗಿದ್ರ ನನ್ನ ಮ್ಯಾಲ ಆಗಬೇಕಿತ್ತು. ಇಲ್ಲೇ ನಿಂತೀನಿ, ನೋಡು.”