ಹಸಿ ಗಾರೆಯ ಕಡೆಗೆ ಮುಖ

ಒಳಗಿನಕ್ಕನ ವಿಷಯ ಹೇಳಬೇಕಾದರೆ ಅವಳ ಅಜ್ಜನಿಂದಲೇ ಶುರು ಮಾಡಬೇಕು. ಅವನಿಗೆ ಊರಿಟ್ಟ ಹೆಸರು ಡಾಂಬರಜ್ಜ. ಕಬ್ಬಿಣದ ಕೊಳವೆಗಳನ್ನು ಸರಪಳಿಗೆ ಕಟ್ಟಿ ಕುದಿಯುವ ಡಾಂಬರಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ಅವನ ಕಸುಬು. ಬೇಗ ಎತ್ತಿದರೆ ಒಳಮೈಗೆ ಹಿಡಿಯುವುದಿಲ್ಲ, ತಡವಾದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹೊಗೆಯ ಬಣ್ಣ ನೋಡಿಯೇ ಹದ ಹೇಳುತ್ತಿದ್ದ. ಒಂದು ದಿನ ಸರಪಳಿ ತುಂಡಾಗಿ ಬಿಸಿ ಕೊಳವೆ ಜನರ ಮೇಲೆ ಉರುಳಿ ಬಂದಾಗ ಹೆಗಲು ಕೊಟ್ಟು ತಡೆದ. ಆ ಹೆಗಲು ಕೊನೆಯವರೆಗೂ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ನನಗೂ ಒಂದು ಕೋಟು ಬಿದ್ದಿದೆ, ಇನ್ನು ತುಕ್ಕು ಹಿಡಿಯೋ ಮಾತೇ ಇಲ್ಲ ಎಂದು ನಗುತ್ತಿದ್ದ.

ಅವನ ಮಗ ಬುಗುರಿ. ಡಾಂಬರು ಹೋಗಿ ಸಿಮೆಂಟು ಗಾರೆ ಬಂದ ಕಾಲ ಅದು. ಕೊಳವೆಯನ್ನು ಉರುಳೆಗಳ ಮೇಲೆ ಮಲಗಿಸಿ, ಒಳಗೆ ಗಾರೆ ಸುರಿದು, ಗಿರ್ರನೆ ತಿರುಗಿಸುತ್ತಿದ್ದರು. ತಿರುಗುವ ರಭಸಕ್ಕೆ ಗಾರೆ ತಾನಾಗಿ ಒಳಗೋಡೆಗೆ ಬಡಿದು ಕಚ್ಚಿಕೊಳ್ಳುತ್ತದೆ, ನೀರು ಮಾತ್ರ ನಡುವೆ ಉಳಿಯುತ್ತದೆ. ಒಮ್ಮೆ ಯಂತ್ರ ನಿಲ್ಲದೆ ಕೊಳವೆ ಉರುಳೆ ಬಿಟ್ಟು ಹಾರುವ ಹಾಗಾದಾಗ ಎಲ್ಲರೂ ಓಡಿದರೆ, ಬುಗುರಿ ಮಾತ್ರ ಮೈಮೇಲಿನ ದಪ್ಪ ಕೋಟು ಬಿಚ್ಚಿ ಬೆಲ್ಟಿನ ಬಾಯಿಗೆ ತುರುಕಿ ನಿಲ್ಲಿಸಿದ. ಕೈಗೆ ಕೊಟ್ಟ ಲೋಟವನ್ನೂ ತಿರುಗಿಸದೆ ಬಾಯಿಗಿಡುವವನಲ್ಲ. ಕುಡೀತೀರೋ, ಇಲ್ಲ ಲೋಟಕ್ಕೂ ಗಾರೆ ಹಿಡಿಸ್ತೀರೋ ಎಂದು ಹೆಂಡತಿ ರೇಗಿಸುತ್ತಿದ್ದಳು.

ಬುಗುರಿಗೆ ಇಬ್ಬರು ಮಕ್ಕಳು. ದೊಡ್ಡವನು ಮೀನುಬಾಲ. ಚಿಕ್ಕವಳೇ ಒಳಗಿನಕ್ಕ.

ಇವರ ಹೊತ್ತಿಗೆ ಕೆಲಸ ಅಂಗಳದಿಂದ ನೆಲದಡಿಗೆ ಇಳಿದಿತ್ತು. ಬೀದಿಗಳ ಕೆಳಗೆ ಹೂತ ಹಳೆಯ ಕೊಳವೆಗಳು ತುಕ್ಕು ತಿಂದು, ಒಳಗೆ ಗಂಟುಗಳೆದ್ದು, ನಲ್ಲಿಗಳಲ್ಲಿ ಕೆಂಪು ನೀರು ಬರುತ್ತಿತ್ತು. ಅಗೆದು ತೆಗೆಯುವ ಬದಲು ಇದ್ದಲ್ಲೇ ಒಳಮೈ ಬಳಿಯುವ ಯಂತ್ರ ಬಂತು. ಮೊದಲು ಕೆರೆಯುವ ಹಲ್ಲುಗಳನ್ನು ಎಳೆದಾಡಿ ತುಕ್ಕು ಉದುರಿಸಬೇಕು, ತೊಳೆದು ಒಣಗಿಸಬೇಕು. ಆಮೇಲೆ ಯಂತ್ರದ ಸರದಿ. ಚಕ್ರದ ಮೇಲಿನ ಒಂದು ಉದ್ದನೆ ಬಂಡಿ. ಅದರ ತುದಿಯಲ್ಲಿ ಗಿರಕಿ ಹೊಡೆಯುವ ತಲೆ. ಅದು ಗಾರೆಯನ್ನು ಸುತ್ತಲೂ ಎರಚುತ್ತದೆ. ಅದರ ಬಾಲಕ್ಕೆ ಕಟ್ಟಿದ ಅಲಗುಗಳು ಗಾರೆಯನ್ನು ಸವರುತ್ತವೆ. ಕೊಳವೆಯ ಬಾಯಲ್ಲಿ ಕೂತ ವಿಂಚು ಎಂಬ ರಾಟೆ ತಂತಿ ಹಗ್ಗದಿಂದ ಬಂಡಿಯನ್ನು ಹಿಂದಕ್ಕೆ, ಇನ್ನೂ ಗಾರೆ ಬಳಿಯದ ಒಣ ಕಡೆಗೆ, ನಿಧಾನವಾಗಿ ಎಳೆಯುತ್ತದೆ. ಬಂಡಿಯ ಮೇಲೆ ಒಬ್ಬ ಬೋರಲು ಮಲಗಿರಬೇಕು. ತಿರುವುಗಳಲ್ಲಿ, ಕೊಳವೆಗಳು ಸೇರುವ ಕೂಡುಗಳಲ್ಲಿ ಅಲಗು ಬಿಟ್ಟದ್ದನ್ನು ಉದ್ದ ಹಿಡಿಯ ಕರಣೆಯಿಂದ ತಿದ್ದಬೇಕು.

ಅವನ ಮುಖ ಯಾವಾಗಲೂ ಹಸಿ ಗಾರೆಯ ಕಡೆಗೆ, ಬೆನ್ನು ಹೊರಬಾಯಿಯ ಕಡೆಗೆ. ಹೋಗುವ ದಾರಿ ಅವನಿಗೆ ಕಾಣುವುದಿಲ್ಲ, ಮುಗಿಸಿದ ಕತ್ತಲೆಯಷ್ಟೇ ಕಾಣುತ್ತದೆ. ಈ ಕಸುಬಿಗೆ ಇರುವುದು ಒಂದೇ ಕಟ್ಟಳೆ: ಹಸಿ ಗಾರೆಯ ಮೇಲೆ ಗುರುತು ಬೀಳಬಾರದು. ಉಗುರಿನ ಗೀರು ಸಾಕು, ನೀರು ಅಲ್ಲಿಂದಲೇ ಹಿಡಿದು ಗಜಗಟ್ಟಲೆ ಸುಲಿದುಬಿಡುತ್ತದೆ. ಯಾರಿಗೆ ಏನೇ ಆಗಲಿ, ಗಾರೆ ಗಟ್ಟಿಯಾಗುವವರೆಗೆ ಆ ಕಡೆ ಯಾರೂ ಕಾಲಿಡುವಂತಿರಲಿಲ್ಲ.

ಮೀನುಬಾಲ ಆ ಬಂಡಿಯ ಮೇಲೆ ಮಲಗುವವನಾಗಿದ್ದ. ಕರಣೆ ಎಳೆದ ಕೊನೆಗೆ ಮಣಿಕಟ್ಟನ್ನು ಚೂರು ಎಡಕ್ಕೂ ಬಲಕ್ಕೂ ಹೊರಳಿಸುವ ಚಾಳಿ ಅವನದು. ಗಾರೆಯ ಮೇಲೆ ಮೀನಿನ ಬಾಲದಂಥ ತೆಳು ನೆರಳು ಮೂಡುತ್ತಿತ್ತು. ಹೆಸರು ಬಂದದ್ದು ಹಾಗೆ. ಉಗ್ರಾಣಗಳ ಬೀದಿಯ ಕೆಳಗಿನ ದೊಡ್ಡ ಕೊಳವೆಯಲ್ಲಿ ಕೆಲಸ ಅರ್ಧಕ್ಕೆ ಬಂದಿದ್ದಾಗ, ಒಂದು ಬೆಳಿಗ್ಗೆ, ಒಳಗಿನಿಂದ ಕಬ್ಬಿಣಕ್ಕೆ ಬಡಿದ ಸದ್ದು ಬಂತು. ನಿಲ್ಲಿಸು ಎಂಬ ಗುರುತು. ವಿಂಚು ನಿಲ್ಲಿಸಿದರು. ಎಳೆ ಎಂಬ ಗುರುತಿಗೆ ಕಾದರು. ಬರಲಿಲ್ಲ. ಒಣ ಕಡೆಯಿಂದ ತೆವಳಿಕೊಂಡು ಹೋಗಿ ನೋಡಿದರೆ ಬಂಡಿ ಬರಿದು. ದೀಪ ಇಲ್ಲ, ಕರಣೆ ಇಲ್ಲ, ಆಸಾಮಿಯೂ ಇಲ್ಲ. ಆಚೆಗೆ ಹಸಿ ಗಾರೆ, ಈಗಷ್ಟೇ ನೆಕ್ಕಿದ ಹಾಗೆ ನುಣ್ಣಗೆ, ಒಂದು ಗೀರಿಲ್ಲದೆ.

ಗುರುತಿಲ್ಲ ಅಂದಮೇಲೆ ಆ ಕಡೆ ಹೋಗಿಲ್ಲ. ಆ ಕಡೆ ಹೋಗಿಲ್ಲ ಅಂದಮೇಲೆ ಒಣ ಕಡೆಯಿಂದ ಹೊರಬಿದ್ದು, ಜನ ಚಹಾಕ್ಕೆ ಎದ್ದಾಗ ನುಸುಳಿಕೊಂಡಿದ್ದಾನೆ. ಮೇಸ್ತ್ರಿ ಹೀಗೆ ತೀರ್ಮಾನ ಕೊಟ್ಟ, ಊರು ತಲೆಯಾಡಿಸಿತು. ಗಾರೆ ಗಟ್ಟಿಯಾದ ಮೇಲೆ ಆಚೆ ಬಾಯಿಂದ ದೀಪ ಹಿಡಿದು ಇಣುಕಿದರು, ಅಷ್ಟೇ. ಗುತ್ತಿಗೆದಾರ ಆ ಕೊಳವೆಯ ಕೆಲಸ ಅರ್ಧಕ್ಕೇ ಬಿಟ್ಟ. ಕೊಳವೆಯ ಎರಡೂ ಬಾಯಿಗೆ ತಗಡು ಬಿಗಿದರು.

ಅಂದಿನಿಂದ ಮೀನುಬಾಲನ ಹೆಂಡತಿ ಓಡಿಹೋದವನ ಹೆಂಡತಿಯಾದಳು. ನಲ್ಲಿಯ ಹತ್ತಿರ ಹೆಂಗಸರು, ನಿನ್ನ ಗಂಡ ಕೊಳವೇಲಿ ಹೋದ್ನಂತೆ, ಯಾರ ಮನೆ ನಲ್ಲೀಲಿ ಬಂದ್ನೋ ವಿಚಾರಿಸಿದೆಯಾ ಎಂದು ಕಿಸಕ್ಕೆನ್ನುತ್ತಿದ್ದರು. ಅವಳು ಕೊಡ ತುಂಬಿಸಿಕೊಂಡು ಹೊರಟುಬಿಡುತ್ತಿದ್ದಳು. ಮನೆಗೆ ಬಂದು ನಾದಿನಿಯ ಹತ್ತಿರ ಒಂದೇ ಮಾತು ಕೇಳುತ್ತಿದ್ದಳು.

"ಓಡಿಹೋದ್ರೋ, ಅಲ್ಲೇ ಇದಾರೋ? ಅದಷ್ಟು ಗೊತ್ತಾದ್ರೆ ಸಾಕು ಕಣೇ. ಇನ್ನೇನೂ ಬೇಡ ನಂಗೆ."

ಬೇರೆ ಬೀದಿಗಳ ಕೆಲಸಕ್ಕೆ ಅಣ್ಣ ಬಿಟ್ಟ ಬಂಡಿಯ ಮೇಲೆ ಮಲಗಲು ಗಂಡಸರು ಯಾರೂ ಮುಂದೆ ಬರಲಿಲ್ಲ. ತಂಗಿ ಹೋಗಿ ನಿಂತಳು. ಮೇಸ್ತ್ರಿ ಹೆಣ್ಣಾಳು ಬೇಡ ಎಂದ. ಕೊಳವೆ ಏನು ಕೇಳುತ್ತಾ ಬಂದದ್ದು ಗಂಡೋ ಹೆಣ್ಣೋ ಅಂತ ಎಂದಳು. ಕಡ್ಡಿಯಂಥ ಮೈ, ಕಡ್ಡಿ ಮುರಿದಂಥ ಮಾತು. ವಿಂಚು ನಡೆಸುವವನೇ ಅವಳ ಗಂಡ. ಒಳಗೆ ಹೆಂಡತಿ, ಹೊರಗೆ ಗಂಡ, ನಡುವೆ ತಂತಿ ಹಗ್ಗ. ನಿಜವಾಗಿ ಎಳೆಯುವವರು ಯಾರು ಅಂತ ನಮಗೆ ಗೊತ್ತಿಲ್ವಾ ಎಂದು ಆಳುಗಳು ಅವನ ಕಾಲೆಳೆಯುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಹಗ್ಗದಿಂದ ಕೈ ತೆಗೆಯುತ್ತಿರಲಿಲ್ಲ.

ವರ್ಷಗಳು ಉರುಳಿದವು. ಒಂದು ದಿನ ಬೇರೆಲ್ಲೋ ಒಂದು ಕೊಳವೆಯಲ್ಲಿ ಕರಣೆ ಅವಳ ಕೈ ಜಾರಿ ಹಸಿ ಕಡೆಗೆ ಬಿತ್ತು. ಕಟ್ಟಳೆ ಮುರಿದು ಇಳಿದಳು. ಬೂಟು ಬಿಚ್ಚಿಟ್ಟು, ಮೊಣಕಾಲೂರಿ ಹೋಗಿ ಕರಣೆ ಎತ್ತಿಕೊಂಡು, ಹಿಂದು ಹಿಂದಕ್ಕೆ ಸರಿಯುತ್ತ ಬಂಡಿಗೆ ಬಂದಳು. ಬಂದು ದೀಪ ಎತ್ತಿ ನೋಡಿದಳು. ಗಾರೆಯ ಮೇಲೆ ಅವಳ ಗುರುತು ಒಂದೂ ಇರಲಿಲ್ಲ. ಮೊಣಕಾಲಿನ ಕುಳಿ, ಅಂಗೈ ಅಚ್ಚು, ಎಲ್ಲವನ್ನೂ ಅವಳ ಕೈ ಅವಳನ್ನು ಕೇಳದೆ ಸವರಿ ಮುಚ್ಚಿತ್ತು.

ಬೆನ್ನು ಮುಂದೆ ಮಾಡಿ ಹೋಗುವುದೇ ಈ ಕಸುಬಿನವರ ನಡಿಗೆ. ಹಾಗೆ ಈ ಕಡೆಗೆ ಬಂದವಳಿಗೆ ಗುರುತು ಉಳಿಯದಿದ್ದರೆ, ಹಾಗೆಯೇ ಆ ಕಡೆಗೆ ಹೋದವನಿಗೂ ಉಳಿಯುವುದಿಲ್ಲ. ಅಣ್ಣ ಹಸಿಯೊಳಕ್ಕೇ ಹೋಗಿದ್ದಾನೆ, ತನ್ನ ಗುರುತನ್ನು ತಾನೇ ಅಳಿಸಿಕೊಂಡು. ಹೊರಗೆ ಬಂದು ಅವಳು ಗಂಡನಿಗೆ ಇದನ್ನೇ ಹೇಳಿದಳು.

ಉಗ್ರಾಣಗಳ ಬೀದಿಯ ಕೊಳವೆಯ ಉಳಿದರ್ಧ ಬಳಿಯುವ ಕೆಲಸ ಕೊನೆಗೂ ಮತ್ತೆ ಎದ್ದಾಗ ಒಳಗಿನಕ್ಕ ಹೇಳಿ ಕಳಿಸುವ ಮೊದಲೇ ಹಾಜರಾಗಿದ್ದಳು. ಈ ಸಲ ಮುಗಿದರೆ ನೀರು ಬಿಡುತ್ತಾರೆ. ನೀರು ಬಿಟ್ಟಮೇಲೆ ಯಾರೂ ಏನನ್ನೂ ಹುಡುಕಲಾಗದು. ಅತ್ತಿಗೆ ಕೊಳವೆಯ ಬಾಯಿ ಬಿಡಿಸಲು ತೋಡಿದ ಗುಂಡಿಯ ಅಂಚಿನವರೆಗೂ ಬಂದು, ತಗಡಿನ ಬೇಲಿ ಹಿಡಿದು ನಿಂತಳು.

ಹಳೆಯ ಗಾರೆ ಈಗ ಕಲ್ಲಿನಂತಾಗಿತ್ತು. ಅದರ ಮೇಲೆ ಗಂಡ ಹೆಂಡತಿ ಇಬ್ಬರೂ ತೆವಳಿಕೊಂಡು ಹೋದರು. ಮುಂದೆ ಅವಳು, ಹಿಂದೆ ಅವನು. ಗೋಡೆಗಳಲ್ಲಿ ಅಣ್ಣನ ಕೈ ಅಲ್ಲಲ್ಲಿ ಕಾಣುತ್ತಿತ್ತು, ತಿರುವಿನಲ್ಲಿ, ಕೂಡಿನಲ್ಲಿ, ಇರಬೇಕಾದಲ್ಲೇ. ಬಂಡಿ ನಿಂತಿದ್ದ ಜಾಗದ ಹತ್ತಿರ ಅವಳು ದೀಪವನ್ನು ತಳಕ್ಕೆ ಹಿಡಿದಳು. ತಳದಲ್ಲಿ ಮೀನಿನ ಬಾಲಗಳು. ತಳಕ್ಕೆ ಯಾರೂ ಕರಣೆ ಹಾಕುವುದಿಲ್ಲ, ಅಲಗೇ ಅಲ್ಲಿ ಚೊಕ್ಕವಾಗಿ ಸವರಿರುತ್ತದೆ. ಬಾಲದ ಹಿಂದೆ ಬಾಲ, ಅವರು ಬಂದ ಕತ್ತಲೆಯೊಳಕ್ಕೇ ಸಾಲಾಗಿ ಹೋಗಿದ್ದವು.

ಸಾಲು ಮುಗಿದದ್ದು ಒಂದು ಪಕ್ಕಗೊಳವೆಯ ಬಾಯಲ್ಲಿ. ಎಂದೋ ಮುಚ್ಚಿದ ಯಾವುದೋ ಕಾರ್ಖಾನೆಗೆ ನೀರು ಹೋಗುತ್ತಿದ್ದ ಕವಲು. ಗಾರೆ ಒಳನುಗ್ಗದಂತೆ ಇಂಥ ಬಾಯಿಗಳಿಗೆ ಮೊದಲೇ ಹಲಗೆ ಕೊಟ್ಟು ಮುಚ್ಚುತ್ತಾರೆ. ಅಂದು ಈ ಹಲಗೆ ಜಾರಿರಬೇಕು. ಅದನ್ನು ಸರಿಮಾಡದೆ ಬಿಡಲು ಮೀನುಬಾಲನಿಗೆ ಮನಸ್ಸು ಒಪ್ಪಿರಲಿಕ್ಕಿಲ್ಲ. ಹಲಗೆ ಈಗ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. ಆದರೆ ಅದನ್ನು ಕೂರಿಸಿದವರು ಒಳಗಿನಿಂದ ಎಳೆದುಕೊಂಡು ಕೂರಿಸಿದ್ದರು.

ಕಿತ್ತು ತೆಗೆದರು. ಒಬ್ಬರು ಮಾತ್ರ ಹಿಡಿಸುವ ಕೊಳವೆ. ಗಂಡ ತಾನು ಹೋಗುತ್ತೇನೆಂದ. ಅವನ ಭುಜ ಬಾಯಲ್ಲೇ ಸಿಕ್ಕಿಕೊಂಡಿತು. ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಕೈಗೆ ಸುತ್ತಿಕೊಂಡು ಕೂತ.

ಒಳಗೆ ಸ್ವಲ್ಪ ದೂರದಲ್ಲಿ ಒಂದು ಜೊತೆ ಬೂಟು. ಹಸಿಗೆ ಇಳಿಯುವವರು ಬಿಚ್ಚಿಡುವ ಹಾಗೆ, ಹಿಮ್ಮಡಿ ಕೂಡಿಸಿ, ಗೋಡೆಗೆ ಒತ್ತಿ ಇಟ್ಟದ್ದು. ಪಕ್ಕದಲ್ಲಿ ತುಕ್ಕು ಹಿಡಿದ ದೀಪ. ಅಣ್ಣನ ಬೂಟೇ ಅದು. ಹರಿದ ಕಡೆ ಹಾಕಿದ ತೇಪೆಯನ್ನು ಅವಳೇ ಹೊಲಿದಿದ್ದಳು. ಅವಳು ಸೊಂಟದ ಹಗ್ಗ ಬಿಚ್ಚಿ ಬೂಟುಗಳಿಗೆ ಕಟ್ಟಿ, ಇದನ್ನು ಎಳ್ಕೊಳ್ಳಿ ಎಂದಳು. ಬೂಟು ಕೈಗೆ ಬಂದಾಗ ಗಂಡ ಒಳಕ್ಕೆ ಬಾಗಿದ. ಸಾಕು ಬಾ, ಓಡಿಹೋಗಿಲ್ಲ ಅಂತ ಗೊತ್ತಾಯ್ತಲ್ಲ ಎಂದ.

ಈ ಕವಲಿಗೆ ಎಂದೂ ಯಾರೂ ಗಾರೆ ಬಳಿದಿರಲಿಲ್ಲ. ಕೆಲಸದ ನಕ್ಷೆಯಲ್ಲೇ ಅದು ಇರಲಿಲ್ಲ. ಇಲ್ಲಿ ಯಂತ್ರ ಹಿಡಿಸುವುದೂ ಇಲ್ಲ. ಆದರೆ ಬೂಟಿನ ಆಚೆಗೆ ಸುತ್ತಲೂ ಗಾರೆ ಇದೆ ಎಂದು ಅವಳು ಕೂಗಿ ಹೇಳಿದಳು. ಮೇಲೆ, ಕೆಳಗೆ, ಪಕ್ಕಕ್ಕೆ, ದೀಪ ಮುಟ್ಟುವವರೆಗೂ ಮೀನಿನ ಬಾಲಗಳೇ. ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ಹೋಗಬಹುದಾದಷ್ಟು ಗಾರೆ ಇಷ್ಟು ದೂರಕ್ಕೆ ಸಾಲುವುದು ಸಾಧ್ಯವೇ ಇರಲಿಲ್ಲ. ನಿಮ್ಮಣ್ಣ ಕಾಣ್ತಾನಾ ಎಂದು ಗಂಡ ಕೇಳಿದ. ಇಲ್ಲ, ಇನ್ನೂ ಮುಂದಿದೆ ಎಂದಳು. ಸ್ವಲ್ಪ ಹೊತ್ತು ಅವಳ ಮೊಣಕಾಲುಗಳ ಸದ್ದು ಬಂತು. ಆಮೇಲೆ ಆ ಸದ್ದು ಮೆತ್ತಗಾಯಿತು, ಕಲ್ಲಿನ ಮೇಲಿನಿಂದ ಕೆಸರಿನೊಳಕ್ಕೆ ಇಳಿದ ಹಾಗೆ. ಅವಳು ತನ್ನ ಬೂಟು ಬಿಚ್ಚಿಡುವ ಸದ್ದು ಕೇಳಿಸಿತು, ಒಂದು, ಆಮೇಲೆ ಇನ್ನೊಂದು. ಅದರಾಚೆ, ಬಹಳ ಆಚೆ, ಕರಣೆ ಎಳೆದಂತೆ ಸರ್‍ರೆಂದು ಏನೋ ಸರಿಯಿತು. ಅವಳ ಕರಣೆ ಇವನ ಕಾಲಬುಡದಲ್ಲೇ ಬಿದ್ದಿತ್ತು.

ಅವನು ಹಗ್ಗವನ್ನು ಕೈಲಾದಷ್ಟು ಒಳಕ್ಕೆ ಎಸೆದ. ಹಿಡ್ಕೋ, ಎಳೀತೀನಿ, ನಿನ್ನ ಕಾಲು ಹಿಡೀತೀನಿ ಬಾರೇ ಎಂದು ಕೂಗಿದ. ಒಳಗಿನಕ್ಕನ ದನಿ ಶಾಂತವಾಗಿತ್ತು, ಅಡುಗೆಮನೆಯಿಂದ ಮಾತಾಡಿದ ಹಾಗೆ.

"ಹಗ್ಗ ಬೇಡ ಕಣ್ರೀ. ಇಲ್ಲಿ ಗಾರೆ ಇನ್ನೂ ಹಸಿ ಇದೆ, ಬೆರಳಿಟ್ರೆ ಇಳಿಯುತ್ತೆ. ನೀವು ಎಳೆದ್ರೆ ಗೀರು ಬೀಳುತ್ತೆ. ಬೂಟು ತಗೊಂಡು ಹೋಗಿ ಅತ್ತಿಗೆ ಕೈಗೆ ಕೊಡಿ. ನನಗೆ ಯಾರೂ ಬೇಡ. ಅಂಗೈಲೇ ಸವರ್ಕೊಂಡು ನಾನೇ ಬರ್ತೀನಿ."