ಹಡಗಿನ ಖರ್ಚು ನನ್ನದು

ಟಿಕೆಟ್ ಮಗನದು, ಹಡಗು ಹತ್ತಿದ ಮೇಲಿನ ಖರ್ಚೆಲ್ಲ ನನ್ನದು. ನಾಲ್ವರೂ ಹಡಗಿನಲ್ಲಿ ಗೋವಾಕ್ಕೆ ಹೋಗಿ ಬರುವುದೆಂದು ನಿಶ್ಚಯವಾದ ದಿನ, ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಹೀಗೆಂದೆ. ಮಗ ನಕ್ಕ, ಸೊಸೆ ಚಪ್ಪಾಳೆ ತಟ್ಟಿದಳು, ಗಂಡ ಏನೂ ಕೇಳಿಸದವರ ಹಾಗೆ ಮಜ್ಜಿಗೆ ಬಡಿಸಿಕೊಂಡರು. ಸುಮ್ಮನೆ ಬಾಯಿಮಾತಿಗೆ ಹೇಳಿದ್ದು ಎಂದುಕೊಂಡಿರಬೇಕು. ಬಾಯಿಮಾತಿಗೆ ಹೇಳುವ ಅಭ್ಯಾಸ ನನಗಿಲ್ಲ. ಮರುದಿನವೇ ಬ್ಯಾಂಕಿಗೆ ಹೋಗಿ ನನ್ನ ಖಾತೆಯಿಂದ ನಗದು ತೆಗೆದುಕೊಂಡು ಬಂದೆ.

ನನ್ನ ಗಂಡ ಹೋಟೆಲಿನವರು. ಉಡುಪಿ ಕಡೆಯಿಂದ ಬಂದು, ಸ್ಟೇಶನ್ನಿನ ಹತ್ತಿರ ಸಣ್ಣದೊಂದು ಹೋಟೆಲು ಮಾಡಿ, ಅರ್ಧ ಆಯುಷ್ಯ ಗಲ್ಲಾದಲ್ಲಿ ಕೂತು ಕಳೆದವರು. ಈಗ ಅದನ್ನು ಕಂಡಕ್ಟಿಂಗಿಗೆ, ಎಂದರೆ ಬೇರೆಯವರಿಗೆ ನಡೆಸಲು ಕೊಟ್ಟಿದ್ದೇವೆ. ನಾನು ಮನೆಯಲ್ಲಿ ಉಪ್ಪಿನಕಾಯಿ, ಚಕ್ಕುಲಿ, ಮಳೆಗಾಲದಲ್ಲಿ ಪತ್ರೊಡೆ ಮಾಡಿ ಮಾರುತ್ತೇನೆ. ದೂರದ ನೆರೂಳದವರೆಗೂ ಗಿರಾಕಿಗಳಿದ್ದಾರೆ. ಹೀಗೆ ದುಡಿಯಲು ತೊಡಗಿ ಎಷ್ಟೋ ವರ್ಷಗಳಾದವು. ಆದರೆ ಹೊರಗೆಲ್ಲಾದರೂ ತಿಂದು ಏಳುವಾಗ ವೇಟರ್ ಬಿಲ್ಲನ್ನು ಗಂಡನ ಮುಂದೆಯೇ ಇಡುತ್ತಾನೆ. ನಾನು ಪರ್ಸಿಗೆ ಕೈ ಹಾಕಿದರೆ, "ಒಳಗೆ ಇಡು ಮಾರಾಯ್ತಿ, ಜನ ನೋಡ್ತಾರೆ" ಎನ್ನುತ್ತಾರೆ ಇವರು. ಜನ ನೋಡಲಿ ಎಂದೇ ನನ್ನ ಆಸೆ. ಅದನ್ನು ಇವರಿಗೆ ಎಷ್ಟು ಸಲ ಹೇಳಿದರೂ ತಮಾಷೆಯಾಗಿಯೇ ತೆಗೆದುಕೊಂಡರು.

ಮುಂಬೈ ಬಂದರಿನಲ್ಲಿ ಹಡಗು ಹತ್ತುವ ಮೊದಲು ಒಂದು ಕೌಂಟರು. ಅಲ್ಲಿಯ ಹುಡುಗಿ ಹಡಗಿನೊಳಗಿನ ವ್ಯವಹಾರವನ್ನು ವಿವರಿಸಿದಳು. ಒಳಗೆ ನೋಟು ನಡೆಯುವುದಿಲ್ಲ. ನಡುಸಮುದ್ರದಲ್ಲಿ ನೆಟ್‌ವರ್ಕ್ ಸಿಗದ ಕಾರಣ ಮೊಬೈಲ್ ಪೇಮೆಂಟೂ ಇಲ್ಲ. ತಲೆಗೊಂದು ಕಾರ್ಡು ಕೊಡುತ್ತಾರೆ. ಕೋಣೆಯ ಬಾಗಿಲು ತೆಗೆಯುವುದೂ ಅದರಿಂದಲೇ, ಏನಾದರೂ ಕೊಳ್ಳುವುದೂ ಅದರಿಂದಲೇ. ಊಟ ತಿಂಡಿ ಟಿಕೆಟಿನಲ್ಲಿ ಸೇರಿದೆ. ಒಳ್ಳೆಯ ಕಾಫಿ, ಬಿಯರು, ಫೋಟೊ, ಗೋವಾದಲ್ಲಿ ಇಳಿದು ಸುತ್ತುವ ಬಸ್ಸು, ಇವಕ್ಕೆಲ್ಲ ಬೇರೆ ದುಡ್ಡು. ಕಾರ್ಡು ತೋರಿಸಿ ಚೀಟಿಗೆ ಸಹಿ ಹಾಕಿದರಾಯಿತು, ಲೆಕ್ಕ ಇಳಿಯುವಾಗ. "ಅಂದ್ರೆ ಉದ್ರಿ" ಎಂದರು ಇವರು. ತಮ್ಮ ಹೋಟೆಲಿನಲ್ಲಿ ಉದ್ರಿ ಇಲ್ಲ ಎಂದು ಬೋರ್ಡು ತೂಗಿಸಿದ್ದವರಿಗೆ ಇಷ್ಟು ದೊಡ್ಡ ಹಡಗು ಉದ್ರಿಯಲ್ಲಿ ಓಡುವುದು ಸರಿಬರಲಿಲ್ಲ.

ಹುಡುಗಿ ನಾಲ್ವರ ಕಾರ್ಡನ್ನೂ ಮಗನ ಕ್ರೆಡಿಟ್ ಕಾರ್ಡಿಗೆ ಜೋಡಿಸಲು ಹೊರಟಳು. ನಾನು ದುಡ್ಡಿನ ಲಕೋಟೆಯನ್ನು ಕೌಂಟರಿನ ಮೇಲಿಟ್ಟು, ಖಾತೆ ನನ್ನ ಹೆಸರಿನಲ್ಲಿ, ಡಿಪಾಸಿಟ್ ನಗದಿನಲ್ಲಿ ಎಂದೆ. ಆಗುತ್ತದೆ, ಆದರೆ ಉಳಿದವರು ತಮ್ಮ ಖರ್ಚನ್ನು ನನ್ನ ಖಾತೆಗೆ ಹಾಕಲು ಒಪ್ಪಿಗೆ ಎಂದು ಸಹಿ ಮಾಡಬೇಕು ಎಂದಳು. ಮಗ ಸಹಿ ಹಾಕಿದ. ಸೊಸೆ ಮರಾಠಿಯವಳು, "ಆಯೀ, ಏಕ್‌ದಮ್ ಮಸ್ತ್" ಎನ್ನುತ್ತ ಸಹಿ ಹಾಕಿದಳು. ಇವರು ಪೆನ್ನು ಹಿಡಿದು ಕಾಗದವನ್ನು ಓದಿದರು. ಮತ್ತೊಮ್ಮೆ ಓದಿ ಪೆನ್ನನ್ನು ಕೆಳಗಿಟ್ಟರು.

"ಹೆಂಡತಿ ಖಾತೆಯಲ್ಲಿ ತಿನ್ಲಿಕ್ಕೆ ನಾನು ಸೈನ್ ಹಾಕುದಾ? ನಂದು ಬೇರೆ ಮಾಡ್ಲಿ. ದುಡ್ಡು ನಾನೇ ಹಾಕ್ತೇನೆ."

"ಹಾಕಿ. ಆಮೇಲೆ ಈ ಹಡಗಿಂದ ಇಳಿಯುವವರೆಗೆ ನನ್ನತ್ರ ಮಾತಾಡ್ಬೇಡಿ."

"ಹಾಗಾದ್ರೆ ನಂಗೆ ಎಂತದೂ ಬೇಡ. ರೂಮಿನ ಬಾಗಿಲು ತೆಗೆದ್ರೆ ಸಾಕು."

ಹಾಗೆಯೇ ಆಯಿತು. ಬಾಗಿಲು ತೆಗೆಯುವ, ಆದರೆ ಒಂದು ಲೋಟ ಕಾಫಿಯನ್ನೂ ಕೊಡಿಸದ ಕಾರ್ಡು ಕೊರಳಿಗೆ ಹಾಕಿಕೊಂಡು ನನ್ನ ಗಂಡ ಹಡಗು ಹತ್ತಿದರು.

ಮೊದಲ ದಿನವನ್ನು ಅವರು ಹಟದಲ್ಲೇ ಕಳೆದರು. ಪುಕ್ಕಟೆ ಊಟದ ಸಾಲಿನಲ್ಲಿ ದೋಸೆ ಹುಯ್ಯುವವನ ಮುಂದೆ ನಿಂತು, ಹಿಟ್ಟು ಹುಳಿ ಬಂದಿಲ್ಲ, ಕಾವಲಿ ಕಾದಿಲ್ಲ ಎಂದು ಅವನಿಗೆ ಪಾಠ ಮಾಡಿದರು. ಪುಕ್ಕಟೆ ಚಹಾದ ಮಶೀನಿನ ಚಹಾ ಕುಡಿದು, ತೊಳೆದ ನೀರು ಎಂದು ಬೈದು, ಮತ್ತೆ ಅದನ್ನೇ ಕುಡಿದರು. ಎದುರಿಗೇ ಕಾಫಿಯ ಅಂಗಡಿ ಘಮಘಮ ಎನ್ನುತ್ತಿತ್ತು. ಬೆಳಗ್ಗೆ ಕಾಫಿ ಸರಿಯಾಗದಿದ್ದರೆ ಇವರಿಗೆ ದಿನವಿಡೀ ತಲೆ ಹಿಡಿದಿರುತ್ತದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಗ ಸೊಸೆಯ ಜೊತೆ ಅದೇ ಅಂಗಡಿಯಲ್ಲಿ ಕೂತು ಕಾಫಿ ಕುಡಿದು, ಚೀಟಿಗೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಸಂತೋಷವಾಯಿತೇ ಎಂದರೆ, ಆಗಲಿಲ್ಲ. ಯಾರಿಗೆ ಕೊಡಿಸಬೇಕೆಂದಿದ್ದೆನೋ ಅವರೇ ಆ ಕಡೆ ಮುಖ ಮಾಡಿ ಸಮುದ್ರ ನೋಡುತ್ತಿದ್ದರು.

ಗೋವಾದಲ್ಲಿ ನಾವು ಮೂವರು ಇಳಿದೆವು. ಬಸ್ಸಿನ ದುಡ್ಡು ನನ್ನ ಖಾತೆಯದೇ ಆದ್ದರಿಂದ ಇವರು ಬರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಚರ್ಚು, ಬೀಚು ಏನೇನೋ ಹೋದವು, ನನಗೆ ಒಂದೂ ನೆನಪಿಲ್ಲ. ತಿರುಗಿ ಬಂದಾಗ ಇವರು ಹೊರಟಾಗ ಕೂತಿದ್ದ ಕುರ್ಚಿಯಲ್ಲೇ ಕೂತಿದ್ದರು. ಅಷ್ಟು ದೊಡ್ಡ ಹಡಗಿನಲ್ಲಿ ಒಬ್ಬರೇ. ಹಾಳಾಗಿ ಹೋಗಲಿ, ಖಾತೆಯನ್ನು ಅವರ ಹೆಸರಿಗೇ ಮಾಡಿಬಿಡೋಣ ಎಂದು ಬಾಯಿಯವರೆಗೆ ಬಂತು. ನುಂಗಿಕೊಂಡೆ.

ಮಗನಿಗೂ ಅಪ್ಪನನ್ನು ನೋಡಿ ತಡೆಯಲಾಗಲಿಲ್ಲ. ಸಂಜೆ ಚಹಾದ ಹೊತ್ತಿಗೆ ನಾವು ನಾಲ್ವರೂ ಒಂದೇ ಮೇಜಿಗೆ ಕೂತ ಮೇಲೆ ಅವನು ನನ್ನ ಕಿವಿಯ ಹತ್ತಿರ ಬಗ್ಗಿದ. "ಅಮ್ಮಾ, ಸುನ್ ನಾ. ಅಪ್ಪನ ಕಾರ್ಡು ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಹಾಕ್ತೇನೆ. ನೀನು ಮನೆಗೆ ಹೋಗಿ ನಂಗೆ ಟ್ರಾನ್ಸ್‌ಫರ್ ಮಾಡು. ದುಡ್ಡು ನಿಂದೇ ಆಯ್ತಲ್ಲ? ಅಪ್ಪನಿಗೆ ಗೊತ್ತೇ ಆಗುದಿಲ್ಲ, ಪತಾ ಭೀ ನಹೀ ಚಲೇಗಾ."

ಜಾಣ ಉಪಾಯವೇ. ಯಾರಿಗೂ ನೋವಿಲ್ಲ. ಆದರೆ ನನಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ:

"ಗುಟ್ಟಲ್ಲಿ ಕೊಟ್ಟು ಕೊಟ್ಟು ನಂಗೆ ಸಾಕಾಗಿದೆ. ನಿನ್ನ ಕಾಲೇಜಿನ ಫೀಸು ಅಪ್ಪ ಕಟ್ಟಿದ್ದಲ್ಲ, ನನ್ನ ಚಕ್ಕುಲಿ ಕಟ್ಟಿದ್ದು. ಹೋಟೆಲಿನ ಎದುರಿನ ರಸ್ತೆ ಅಗೆದು ಗಿರಾಕಿಯೇ ಇಲ್ಲದಾಗ, ಮಧ್ಯಾಹ್ನ ಇವರು ಮಲಗಿದ ಹೊತ್ತಿಗೆ ಗಲ್ಲಾದಲ್ಲಿ ಕೂತು ನನ್ನ ದುಡ್ಡು ಅದರೊಳಗೆ ಹಾಕ್ತಿದ್ದೆ. ಹುಡುಗರ ಸಂಬಳ ನಿಲ್ಬಾರದು, ಇವರ ಮುಖ ಸಣ್ಣದಾಗಬಾರದು ಅಂತ. ಒಬ್ಬರಿಗೂ ಹೇಳ್ಲಿಲ್ಲ. ಇನ್ನು ನಾನು ಕೊಡುದಾದ್ರೆ ಕಾಣುವ ಹಾಗೇ ಕೊಡುದು."

ಇಷ್ಟು ವರ್ಷ ಕಾಪಾಡಿದ ಇವರ ಮರ್ಯಾದೆಯನ್ನು ನಾನೇ ನಾಲ್ಕು ಜನರ ನಡುವೆ ಚೆಲ್ಲಿದೆನಲ್ಲ ಎಂದು ಹೆದರಿಕೆಯಾಯಿತು. ಇವರು ಮಾತ್ರ ನಿಧಾನಕ್ಕೆ ಚಹಾದ ಲೋಟವನ್ನು ಬದಿಗೆ ಸರಿಸಿದರು.

"ನಂಗೆ ಗೊತ್ತುಂಟು" ಎಂದರು.

"ಎಂತ ಗೊತ್ತುಂಟು?"

"ಗಲ್ಲಾದ ವಿಷಯ. ದಿನಾ ರಾತ್ರಿ ಬಿಲ್ಲಿಗೂ ದುಡ್ಡಿಗೂ ತಾಳೆ ನೋಡುವವ ನಾನು. ಗಲ್ಲಾದಲ್ಲಿ ಕಡಿಮೆ ಬಂದ್ರೆ ನೂರು ಕಾರಣ ಉಂಟು. ಹೆಚ್ಚು ಬಂದ್ರೆ ಎಂತ ಕಾರಣ? ಹೆಚ್ಚು ಹಾಕುವವರು ನನಗೆ ನೀನು ಬಿಟ್ರೆ ಯಾರಿದ್ರು?"

ಅವರು ಸಹಿ ಹಾಕದೇ ಹೋದಾಗ ಆಗದ ನೋವು ನನಗೆ ಆಗ ಆಯಿತು. ಗೊತ್ತಿತ್ತು. ಗೊತ್ತಿದ್ದೂ ಪ್ರತಿ ರಾತ್ರಿ ಮನೆಗೆ ಬಂದು, ಇವತ್ತು ವ್ಯಾಪಾರ ಪರವಾಗಿಲ್ಲ ಎಂದು ನನ್ನೆದುರೇ ಕೂತು ಉಂಡಿದ್ದರು.

"ಗೊತ್ತಿದ್ರೆ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಕಳ್ಳಿಯ ಹಾಗೆ ಗಲ್ಲಾಕ್ಕೆ ಕೈ ಹಾಕಿದ್ದೆ."

"ಹೇಳಿದ್ರೆ ವಾಪಸು ಕೊಡ್ಬೇಕಿತ್ತಲ್ಲ" ಎಂದರು ಇವರು. ನನ್ನ ಮುಖ ನೋಡಲಿಲ್ಲ. "ಕೊಡ್ಲಿಕ್ಕೆ ನನ್ನತ್ರ ಎಲ್ಲಿತ್ತು?"

ಕನ್ನಡ ಅಷ್ಟಾಗಿ ಬಾರದ ಸೊಸೆಯೂ ತಲೆ ತಗ್ಗಿಸಿದ್ದಳು. ಹೊರಗೆ ತಿಂದಾಗ ಈ ಮನುಷ್ಯ ನನ್ನ ಪರ್ಸು ತೆರೆಯಲು ಬಿಡದೆ ಯಾಕೆ ಅಷ್ಟು ಗಡಿಬಿಡಿಯಲ್ಲಿ ಬಿಲ್ಲು ಕೊಡುತ್ತಿದ್ದರೆಂದು ನನಗೆ ಅರ್ಥವಾಯಿತು. ಅದು ದೊಡ್ಡಸ್ತಿಕೆಯಲ್ಲ. ನನ್ನ ಋಣವನ್ನು ದೋಸೆ ದೋಸೆಯಾಗಿ, ಐಸ್‌ಕ್ರೀಮು ಐಸ್‌ಕ್ರೀಮಾಗಿ ತೀರಿಸುತ್ತಿದ್ದರು. ಪಾಪ ಎನಿಸಿತು, ಸಿಟ್ಟೂ ಇಳಿಯಲಿಲ್ಲ. ಎರಡೂ ಒಟ್ಟಿಗೆ ಇದ್ದವು.

"ವಾಪಸು ಯಾರು ಕೇಳಿದ್ದು ನಿಮ್ಮತ್ರ?" ಎಂದೆ. "ಏಳಿ. ಸೈನ್ ಹಾಕಿ ಬರುವ."

ಎದ್ದರು. ಕೌಂಟರಿಗೆ ನಾವಿಬ್ಬರೇ ಹೋದೆವು. ಅಲ್ಲಿಯ ಹುಡುಗ ಕಾಗದ ಕೊಟ್ಟು, ಇವರ ಖರ್ಚು ಯಾರ ಖಾತೆಗೆ ಎಂದು ಹಿಂದಿಯಲ್ಲಿ ಕೇಳಿದ. ಇವರು ನನ್ನತ್ತ ಕೈ ತೋರಿಸಿ, "ಇನ್‌ಕೇ" ಎಂದರು. ಸಾಲಿನಲ್ಲಿ ಹಿಂದೆ ನಿಂತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಅಂದರು. ಸಹಿ ಹಾಕುವಾಗ ಮಾತ್ರ ಕಿವಿ ಕೆಂಪಾಗಿತ್ತು.

ಅಲ್ಲಿಂದ ನೇರ ಕಾಫಿಯ ಅಂಗಡಿಗೆ ಕರೆದುಕೊಂಡು ಹೋದೆ. ಇವರ ಮುಂದೆ ದೊಡ್ಡ ಕಪ್ಪಿನಲ್ಲಿ ಕಾಫಿ ಬಂತು. ವೇಟರ್ ಚೀಟಿಯನ್ನು ಇವರ ಕಡೆಗೇ ಇಟ್ಟ, ಇವರು ಅದನ್ನೆತ್ತಿ ಬೆಲೆ ನೋಡಿದರು. ಹೋಟೆಲಿನವರಲ್ಲವೇ, ಎದೆ ಒಡೆದಿರಬೇಕು.

"ಇಷ್ಟು ದುಡ್ಡಿಗೆ ನಮ್ಮಲ್ಲಿ ಒಂದು ಮನೆಯವರೆಲ್ಲ ಊಟ ಮಾಡಿ ಹೋಗ್ತಿದ್ರು."

ನಾನು ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡೆ.

"ನಾನು ಕೊಡುದಲ್ವಾ? ನೀವು ಕುಡೀರಿ."